ಹೂವನ್ನು ಕಳುಹಿಸುವುದು

ಹೂವನ್ನು ಕೊಡುವುದು ಸುಲಭ; ಕಳುಹಿಸುವುದು ಕಷ್ಟ. ಬೆಲ್ಲವನ್ನೋ ಪುಸ್ತಕವನ್ನೋ ಕಟ್ಟಿ ಅಂಚೆಗೆ ಹಾಕಿದರೆ, ವಾರ ಕಳೆದು ತಲಪಿದರೂ ಬೆಲ್ಲ ಬೆಲ್ಲವೇ, ಪುಸ್ತಕ ಪುಸ್ತಕವೇ. ಹೂವಿನ ಸಂಗತಿ ಹಾಗಲ್ಲ. ಮುಂಜಾನೆ ಮೊಗ್ಗಾಗಿದ್ದ ಮಲ್ಲಿಗೆ ಸಂಜೆಗೆ ಹೂವು, ಮರುದಿನ ಹೊತ್ತೇರುವಾಗ ಕಸ. ಇಷ್ಟು ಅಲ್ಪಾಯುಷಿಯಾದ ವಸ್ತುವನ್ನೇ ಮನುಷ್ಯನು ತನ್ನ ಬಾಳಿನ ದೊಡ್ಡ ಸಂದರ್ಭಗಳಿಗೆಲ್ಲ ಆರಿಸಿಕೊಂಡಿದ್ದಾನೆ. ಮದುವೆಗೆ ಹೂವು, ಪೂಜೆಗೆ ಹೂವು, ರೋಗಿಯ ಮಂಚದ ಬಳಿಗೆ ಹೂವು. ಕೊನೆಗೆ ಚಟ್ಟದ ಮೇಲೂ ಹೂವು. ನಾವೇ ಅಲ್ಲಿದ್ದರೆ ನಮ್ಮ ಕೈಯಿಂದಲೇ ಕೊಟ್ಟೇವು. ಆದರೆ ಹೋಗಲಾರದಷ್ಟು ದೂರದಲ್ಲಿದ್ದಾಗಲೇ ಅಲ್ಲವೆ, ಕೊಡಬೇಕೆಂಬ ಆಸೆ ಹೆಚ್ಚಾಗಿ ಕಾಡುವುದು? ಈ ತೊಡಕಿಗೆ ಲೋಕವು ಕಂಡುಕೊಂಡ ಪರಿಹಾರ ಸ್ವಾರಸ್ಯವಾಗಿದೆ. ನಮ್ಮಂತೆ ಗಡಿಯಲ್ಲಿ ವಾಸಿಸುವವರಿಗೆ ಅದರಲ್ಲಿ ಯೋಚಿಸತಕ್ಕ ಸಂಗತಿಯೂ ಒಂದಿದೆ.

'ಮೇಘದೂತ'ವನ್ನು ಓದಿದವರಿಗೆ ನೆನಪಿರಬಹುದು. ರಾಮಗಿರಿಯ ಯಕ್ಷನು ಮೋಡವನ್ನು ಕಂಡು ಅದಕ್ಕೆ ಹೊಸದಾಗಿ ಅರಳಿದ ಕುಟಜ ಪುಷ್ಪಗಳನ್ನು, ಎಂದರೆ ನಮ್ಮ ಗುಡ್ಡಗಳಲ್ಲಿ ಬೆಳೆಯುವ ಕೊಡಸಿಗೆಯ ಹೂಗಳನ್ನು, ಅರ್ಪಿಸಿ ಸ್ವಾಗತ ಹೇಳುತ್ತಾನೆ. ಹೂವು ದೂತನಿಗೆ, ಪ್ರಿಯೆಗೆ ಬರಿಯ ಮಾತು. ಇದನ್ನು ಯಕ್ಷನ ಜಿಪುಣತನವೆನ್ನಲಾಗದು. ರಾಮಗಿರಿಯ ಹೂವು ಅಲಕೆಯವರೆಗೆ ಬಾಡದೆ ಉಳಿಯದೆಂಬುದು ಅವನಿಗೆ ಗೊತ್ತು. ಅಲಕೆಯಲ್ಲಿ ಹೂವಿಗೆ ಬರಗಾಲವೂ ಇಲ್ಲ. ಅಲ್ಲಿನ ಹೆಂಗಸರ ಕೈಯಲ್ಲಿ ಕಮಲ, ಮುಂಗುರುಳಲ್ಲಿ ಕುಂದ, ಕಿವಿಯಲ್ಲಿ ಶಿರೀಷ. ಅಲಕೆಯ ಹೂವಾಡಿಗರೊಬ್ಬರ ಪರಿಚಯ ಮೋಡಕ್ಕೆ ಇದ್ದಿದ್ದರೆ ಸಾಕಿತ್ತು. 'ಇಂಥ ಮನೆಗೆ ಇಷ್ಟು ಕುಂದವನ್ನು ತಲಪಿಸಿ' ಎಂದು ಹೇಳಿ ಯಕ್ಷನು ನಿಶ್ಚಿಂತನಾಗಿರಬಹುದಾಗಿತ್ತು.

ಯಕ್ಷನಿಗೆ ಹೊಳೆಯದ ಈ ಉಪಾಯ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹೂವಿನ ವ್ಯಾಪಾರಿಗಳಿಗೆ ಹೊಳೆಯಿತು. 1908ರಲ್ಲಿ ಬರ್ಲಿನ್ ನಗರದ ಮ್ಯಾಕ್ಸ್ ಹ್ಯೂಬ್ನರ್ ಎಂಬ ವ್ಯಾಪಾರಿ ಊರೂರಿನ ಹೂವಿನಂಗಡಿಗಳನ್ನು ಒಂದು ಒಪ್ಪಂದಕ್ಕೆ ತರುವ ಕೆಲಸಕ್ಕೆ ಕೈಹಾಕಿದನು. 1910ರಲ್ಲಿ ಅಮೆರಿಕದ ಕೆಲವು ಅಂಗಡಿಯವರು ತಂತಿಯ ಮೂಲಕ ಹೂವು ತಲಪಿಸುವ ಸಂಘವೊಂದನ್ನು ಕಟ್ಟಿದರು. ಕೈಯಲ್ಲಿ ಹೂವು ಹಿಡಿದು ಓಡುವ ರೋಮನರ ದೇವದೂತ ಮರ್ಕ್ಯುರಿ ಆ ಸಂಘದ ಲಾಂಛನ. 1927ರಲ್ಲಿ ಯುರೋಪಿನ ಅಂಗಡಿಗಳದು 'ಫ್ಲೂರಾಪ್' ಎಂಬ ಸಂಸ್ಥೆಯಾಯಿತು. 1946ರಲ್ಲಿ ಅಮೆರಿಕ, ಬ್ರಿಟನ್ ಮತ್ತು ಯುರೋಪಿನ ಸಂಘಗಳು ಕೂಡಿ 'ಇಂಟರ್‌ಫ್ಲೋರಾ' ಹುಟ್ಟಿತು. ಎಲ್ಲದರ ಮೂಲಸೂತ್ರ ಒಂದೇ: ಹೂವು ಪ್ರಯಾಣ ಮಾಡುವುದಿಲ್ಲ, ಮಾತು ಪ್ರಯಾಣ ಮಾಡುತ್ತದೆ. ಒಂದೂರಿನಲ್ಲಿ ನಿಂತು ಹಣ ಕೊಟ್ಟರೆ ಇನ್ನೊಂದೂರಿನ ಅಂಗಡಿಯವನು ತನ್ನಲ್ಲಿರುವ ತಾಜಾ ಹೂವನ್ನು ಕಟ್ಟಿ ಮನೆಬಾಗಿಲಿಗೆ ಒಯ್ದು ಕೊಡುತ್ತಾನೆ. ಮಾತು ತೆಗೆದುಕೊಂಡವನಿಗೆ ಒಂದು ಸಣ್ಣ ಪಾಲು. ಹೂವು ಕೊಟ್ಟವನಿಗೆ ಉಳಿದದ್ದು.

ಈ ಏರ್ಪಾಟಿನಲ್ಲಿ ನನ್ನನ್ನು ಬೆರಗುಗೊಳಿಸುವುದು ತಂತಿಯ ವೇಗವಲ್ಲ. ನಮ್ಮ ದೇಶದಲ್ಲಿ ತಂತಿಯ ಸೇವೆಯೇ 2013ರ ಜುಲೈ ತಿಂಗಳಲ್ಲಿ ನಿಂತುಹೋಯಿತು. ಈಗಿನ ಮಕ್ಕಳಿಗೆ ತಂತಿ ಎಂದರೆ ವಿದ್ಯುತ್ತಿನದು ಮಾತ್ರ. ಬೆರಗುಗೊಳಿಸುವುದು ನಂಬಿಕೆ. ಕಳುಹಿಸಿದವನು ಹೂವನ್ನು ನೋಡುವುದಿಲ್ಲ. ಕಟ್ಟಿದವನು ಕಳುಹಿಸಿದವನನ್ನು ನೋಡುವುದಿಲ್ಲ. ಪಡೆದವರಂತೂ ಸಂಕೋಚದಿಂದ 'ಹೂವು ಬಾಡಿತ್ತು' ಎಂದು ಹೇಳಲಾರರು. ಮೂವರೂ ಒಬ್ಬರಿಗೊಬ್ಬರು ಮರೆಯಲ್ಲಿರುವ ಈ ವ್ಯವಹಾರ ನಡೆಯುವುದು ಆ ಊರಿನ ಹೂವಾಡಿಗನ ಮರ್ಯಾದೆಯೊಂದರಿಂದಲೇ.

ಹೂವಾಡಿಗನೆಂಬವನು ನಮಗೆ ಹೊಸಬನಲ್ಲ. ಬಡಗಣ ಸೀಮೆಯಲ್ಲಿ ಹೂಗಾರರು ಬಿಲ್ವಪತ್ರೆಯನ್ನೂ ಹೂವನ್ನೂ ಮನೆಮನೆಗೆ ಮುಟ್ಟಿಸಿ, ಸುಗ್ಗಿಯಲ್ಲಿ ಕಾಳು ಪಡೆಯುತ್ತಿದ್ದರು. ಯಾವ ಮನೆಯಲ್ಲಿ ಎಂದು ಯಾವ ಪೂಜೆ, ಎಷ್ಟು ಪತ್ರೆ ಬೇಕು ಎಂಬುದು ಅವರಿಗೆ ಬಾಯಿಪಾಠ. ನಮ್ಮ ಕರಾವಳಿಯಲ್ಲಿ ಮಲ್ಲಿಗೆಯದೇ ಒಂದು ರಾಜ್ಯಭಾರ. ಉಡುಪಿಯ ಬಳಿಯ ಶಂಕರಪುರದ ಸುತ್ತಿನ ಮನೆಗಳಲ್ಲಿ ಬೆಳಗಾಗುವಾಗಲೇ ಮೊಗ್ಗು ಕೊಯ್ಯುತ್ತಾರೆ. ಬಾಳೆಯ ನಾರಿನಿಂದ ಕಟ್ಟುತ್ತಾರೆ. ಮಧ್ಯಾಹ್ನದ ಒಳಗೆ ಅದು ವ್ಯಾಪಾರಿಯ ಕೈಸೇರಬೇಕು. ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂದಿನ ಬೆಲೆ ಶಂಕರಪುರದಲ್ಲಿ ನಿಶ್ಚಯವಾಗುತ್ತದೆ. ಸುತ್ತಣ ಊರುಗಳೆಲ್ಲ ಅದಕ್ಕೆ ತಲೆಬಾಗುತ್ತವೆ. ಅಲ್ಲಿಂದ ಹೊರಟ ಮಲ್ಲಿಗೆ ಮುಂಬಯಿಗೂ ಕೊಲ್ಲಿ ದೇಶಗಳಿಗೂ ವಿಮಾನದಲ್ಲಿ ಹೋಗುತ್ತದೆ. ನಮ್ಮ ಕಾಸರಗೋಡಿಗೆ ಮಾತ್ರ ಬಾಳೆಲೆಯ ಕಟ್ಟಿನಲ್ಲಿ ಬಸ್ಸು ಹತ್ತಿ, ತಲಪಾಡಿಯ ಗಡಿಯನ್ನು ದಾಟಿ ಬರುತ್ತದೆ. ಗಡಿ ದಾಟಿದ ಮಾತ್ರಕ್ಕೆ ಅದರ ಹೆಸರು ಬದಲಾಗುವುದಿಲ್ಲ, ಪರಿಮಳವೂ ಬದಲಾಗುವುದಿಲ್ಲ.

ಓಣಂ ಹಬ್ಬ ಬಂದಾಗ ಇನ್ನೊಂದು ವಿಶೇಷ. ಅಂಗಳದ ಹೂವಿನ ರಂಗವಲ್ಲಿಗೆ ಬೇಕಾಗುವ ಚೆಂಡುಹೂವು, ಸೇವಂತಿಗೆಗಳು ಗುಂಡ್ಲುಪೇಟೆ, ಮೈಸೂರು, ಹಾಸನಗಳ ಕಡೆಯಿಂದ ರಾಶಿರಾಶಿಯಾಗಿ ಬರುತ್ತವೆ. ಹೂವಿನೊಡನೆ ಮಾರುವವರೂ ಬರುತ್ತಾರೆ. ಆ ಹತ್ತು ದಿವಸ ಪೇಟೆಯ ಬೀದಿಯಲ್ಲಿ ಅವರ ಬಯಲುಸೀಮೆಯ ಕನ್ನಡವನ್ನು ಕೇಳುತ್ತ ನಡೆಯುವುದು ನನಗೊಂದು ಸಂತೋಷ. ಮಲೆಯಾಳಿಗಳ ಹಬ್ಬಕ್ಕೆ ಕನ್ನಡ ನಾಡಿನ ಹೊಲ ಅರಳುತ್ತದೆಂಬುದನ್ನು ಭೂಗೋಳದ ಪಾಠದಲ್ಲಿ ಹೇಳಿದರೆ ಮಕ್ಕಳು ಬೇಗ ಮರೆಯುವುದಿಲ್ಲ. 2020ರ ಮಾರ್ಚ್ ತಿಂಗಳಲ್ಲಿ ರೋಗದ ಭಯದಿಂದ ಗಡಿಯ ದಾರಿಗಳಿಗೆ ಮಣ್ಣು ಸುರಿದಾಗ ಬಸ್ಸು ನಿಂತಿತು, ಬಸ್ಸಿನಲ್ಲಿ ಬರುವ ಮಲ್ಲಿಗೆಯೂ ನಿಂತಿತು. ಮಂಗಳೂರಿನ ಆಸ್ಪತ್ರೆಗೆ ಹೋಗಲಾರದೆ ಜನ ಪಟ್ಟ ಸಂಕಟದ ಮುಂದೆ ಹೂವಿನ ಮಾತು ಸಣ್ಣದು, ನಿಜ. ಆದರೂ ಆ ದಿನಗಳಲ್ಲಿ ತೀರಿಹೋದವರಿಗೆ ಬೇಲಿಯ ದಾಸವಾಳವನ್ನೂ ಗುಡ್ಡದ ಕೇಪುಳವನ್ನೂ ಕೊಯ್ದು ತಂದಿಟ್ಟ ಮನೆಗಳನ್ನು ನಾನು ಕಂಡಿದ್ದೇನೆ. ಊರಿನ ಹೂವು ಯಾವುದೆಂದು ಊರಿಗೆ ಮತ್ತೊಮ್ಮೆ ತಿಳಿದ ದಿನಗಳು ಅವು.

ಊರಿನ ಹೂವು ಎಂಬ ಮಾತಿಗೆ ಬೆಲೆಯಿದೆ. ಹೂವಿಗೆ ಅರ್ಥ ಕೊಡುವುದು ಊರು. ನಮ್ಮಲ್ಲಿ ಸೇವಂತಿಗೆ ಮಂಗಳದ ಹೂವು, ದೇವರ ತಲೆಯ ಮೇಲಿನದು. ಫ್ರಾನ್ಸ್, ಇಟಲಿಗಳಲ್ಲಿ ಅದು ಸಮಾಧಿಗೆ ಮೀಸಲು. ಅಲ್ಲಿ ಯಾರ ಹುಟ್ಟುಹಬ್ಬಕ್ಕಾದರೂ ಸೇವಂತಿಗೆಯನ್ನು ಒಯ್ದರೆ ಮನೆಯವರ ಮುಖ ಕಪ್ಪಿಡುತ್ತದೆ. ರಷ್ಯದಲ್ಲಿ ಬೆಸ ಸಂಖ್ಯೆಯ ಹೂವು ಬದುಕಿದವರಿಗೆ, ಸಮ ಸಂಖ್ಯೆಯದು ಸತ್ತವರಿಗೆ. ನಮ್ಮ ನಾಗನಿಗೆ ಹಿಂಗಾರ ಬೇಕು. ಅಡಕೆಯ ಹೊಂಬಾಳೆಯೊಳಗಿನ ಆ ಹಾಲುಬಣ್ಣದ ಗೊಂಚಲನ್ನು ಯಾವ ಪರದೇಶದ ಪಟ್ಟಿಯಲ್ಲಿಯೂ ಕಾಣೆವು. ಇದನ್ನೆಲ್ಲ ದೂರದಲ್ಲಿ ಕುಳಿತ ಗುಮಾಸ್ತನಿಂದ ನಿರೀಕ್ಷಿಸುವುದು ಸಲ್ಲದು. ಬಲ್ಲವನು ಆ ಊರಿನ ಅಂಗಡಿಯವನೇ.

ಇದು ಬರಿಯ ವಾದವಲ್ಲ. ನಮ್ಮ ಶಾಲೆಯಲ್ಲಿ ಮೂವತ್ತು ವರ್ಷಕ್ಕೂ ಮೀರಿ ಕನ್ನಡ ಕಲಿಸಿದ ಅಧ್ಯಾಪಕಿಯೊಬ್ಬರು ಕೆಲವು ವರ್ಷಗಳ ಹಿಂದೆ ನಿವೃತ್ತರಾದರು. ಅವರ ಹಳೆಯ ವಿದ್ಯಾರ್ಥಿನಿಯೊಬ್ಬಳು ಜರ್ಮನಿಯಲ್ಲಿ ದಾದಿಯಾಗಿದ್ದಾಳೆ. ಬೀಳ್ಕೊಡುಗೆಯ ದಿನ ಹೂವು ತಲಪಬೇಕೆಂದು ಅವಳು ಅಂತರ್ಜಾಲದ ಒಂದು ಸಂಸ್ಥೆಗೆ ಹಣ ಕಟ್ಟಿದ್ದಳು. ಆ ಸಂಸ್ಥೆಗೆ ಸ್ವಂತದ ಒಂದು ಹೂವಿನಂಗಡಿಯೂ ಇಲ್ಲ. ಅದು ತನ್ನ ಪಾಲನ್ನು ಹಿಡಿದುಕೊಂಡು ಮಿಕ್ಕ ಕೆಲಸವನ್ನು ನಮ್ಮ ಪೇಟೆಯ ಒಬ್ಬ ಅಂಗಡಿಯವನಿಗೆ ದಾಟಿಸಿತ್ತು. ಬೀಳ್ಕೊಡುಗೆಯ ಹಿಂದಿನ ಮಧ್ಯಾಹ್ನ ಅವನು ಶಾಲೆಯನ್ನು ಹುಡುಕಿಕೊಂಡು ಬಂದನು. ಮಾತೃಭಾಷೆ ಮಲೆಯಾಳ, ಪೇಟೆಯ ಬದುಕಿನಿಂದ ಕನ್ನಡವೂ ತುಳುವೂ ಬರುತ್ತವೆ.

"ಮಾಷ್ಟ್ರೇ, ಚಿತ್ರದಲ್ಲಿ ಲಿಲ್ಲಿ ಹೂ ಉಂಟು. ಅದು ಇಲ್ಲಿ ಸಿಗುವುದಿಲ್ಲ. ಸಿಕ್ಕಿದರೂ ಈ ಮಾರ್ಚಿನ ಬಿಸಿಲಿಗೆ ನಾಳೆ ಸಂಜೆಗೆ ನಿಲ್ಲುವುದಿಲ್ಲ. ನಾನು ಎಂತದಾದರೂ ಹಾಕಿ ಕೊಡಬಹುದು, ದುಡ್ಡು ಬಂದಾಗಿದೆ. ಆದರೆ ಟೀಚರಿಗೆ ಕೊಡುವುದಲ್ಲವಾ? ಒಂದು ಚೆಂಡು ಮಲ್ಲಿಗೆ, ಮತ್ತೆ ಒಂದು ಆಂಥೂರಿಯಂ ಗಿಡ ಚಟ್ಟಿಯಲ್ಲಿ. ಆಗದಾ?" ಎಂದನು.

ಹುಡುಗಿಗೆ ಫೋನು ಮಾಡಿ ಕೇಳಿದೆವು; ಅವಳು ಸಂತೋಷದಿಂದ ಒಪ್ಪಿದಳು. ಅಂಗಡಿಯವನು ಹೊರಡಲಿಲ್ಲ. ಜೇಬಿನಿಂದ ಅಚ್ಚಾದ ಚೀಟಿಯೊಂದನ್ನು ತೆಗೆದನು. "ಇದು ಕಾರ್ಡಿನಲ್ಲಿ ಹಾಕುವ ಮಾತು. ಕನ್ನಡವೇ, ಆದರೆ ಇಂಗ್ಲಿಷ್ ಅಕ್ಷರ. ಓದಲಿಕ್ಕೆ ಆಗ್ತದೆ, ಚಂದ ಇಲ್ಲ. ಕನ್ನಡದಲ್ಲಿ ನೀವೊಂದು ಬರೆಸಿ ಕೊಡಿ."

ಚೀಟಿಯಲ್ಲಿದ್ದುದು ಇಷ್ಟೆ: ಟೀಚರಿಗೆ ನಮಸ್ಕಾರ, ನೀವು ಕಲಿಸಿದ್ದನ್ನು ಮರೆತಿಲ್ಲ. ಆ ಸಂಸ್ಥೆಯ ನಮೂನೆ ಕನ್ನಡದ ಅಕ್ಷರವನ್ನು ಒಳಗೆ ಬಿಡಲಿಲ್ಲವೆಂದು ಹುಡುಗಿ ಫೋನಿನಲ್ಲಿ ಹೇಳಿದ್ದಳು. ಮರೆತಿಲ್ಲವೆಂಬ ಮಾತೇ ತನ್ನ ಲಿಪಿಯನ್ನು ಕಳೆದುಕೊಂಡು ಸಮುದ್ರ ದಾಟಿ ಬಂದಿತ್ತು. ಏಳನೆಯ ತರಗತಿಯ ಹುಡುಗಿಯೊಬ್ಬಳನ್ನು ಕರೆದು ಅಂದವಾಗಿ ಬರೆಸಿದೆವು. ಮರುದಿನ ಸಭೆಯಲ್ಲಿ ಕಾರ್ಡು ಕೈಗೆ ಬಂದಾಗ ಟೀಚರು ಮೊದಲು ನೋಡಿದ್ದು ಹೆಸರನ್ನಲ್ಲ, ಬರಹವನ್ನು. "ಇದು ಯಾರ ಅಕ್ಷರ? ಒತ್ತು ಸರಿಯಾಗಿ ಕೆಳಗೆ ಬಂದಿದೆ," ಎಂದರು. ಆಮೇಲೆ ಹೆಸರನ್ನು ಓದಿದರು. ಓದಿ, ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅವರ ಸ್ಥಾನಕ್ಕೆ ಕನ್ನಡ ಬಲ್ಲವರು ಬರುವರೋ ಇಲ್ಲವೋ ಎಂಬ ಚಿಂತೆ ಆ ದಿನ ನಮ್ಮೆಲ್ಲರ ಮನಸ್ಸಿನಲ್ಲಿತ್ತು. ಗಡಿನಾಡಿನ ಕನ್ನಡ ಶಾಲೆಗಳಿಗೆ ಈ ಚಿಂತೆ ಹೊಸದಲ್ಲ. ಅಂಥ ದಿನದಲ್ಲಿ ಒಬ್ಬ ಮಲೆಯಾಳಿ ಹೂವಾಡಿಗನು ಕನ್ನಡದ ಅಕ್ಷರಕ್ಕಾಗಿ ನಮ್ಮ ಬಾಗಿಲಿಗೆ ಬಂದನೆಂಬುದನ್ನು ನಾನು ಸಣ್ಣದೆಂದು ತಿಳಿಯಲಾರೆ. ಅವನಿಗೆ ಬರಬೇಕಾದ ಹಣ ಅದರಿಂದ ಒಂದು ಕಾಸೂ ಹೆಚ್ಚಾಗಲಿಲ್ಲ.

ಮಲ್ಲಿಗೆಯನ್ನು ಟೀಚರು ಹೆಣ್ಣುಮಕ್ಕಳಿಗೆ ಅಲ್ಲಿಯೇ ಹಂಚಿದರು. ಗಿಡ ಅವರ ಮನೆಗೆ ಹೋಯಿತು. ಮೊನ್ನೆ ಹೋದಾಗ ಬಾವಿಕಟ್ಟೆಯ ನೆರಳಿನಲ್ಲಿ ಮೂರು ಹೂವು ಬಿಟ್ಟಿತ್ತು. ಗಿಡ ಕಳುಹಿಸುವುದರಲ್ಲಿ ಇದೊಂದು ಲಾಭ: ಹೂವು ಆ ದಿನವನ್ನು ಸಿಂಗರಿಸುತ್ತದೆ, ಗಿಡ ಆಮೇಲಿನ ದಿನಗಳನ್ನು ಕಾಯುತ್ತದೆ. ಬುಟ್ಟಿಯಲ್ಲಿ ಜೋಡಿಸಿದ ಹೂವುಗಳ ಬುಡದಲ್ಲಿ ಹಸುರುಬಣ್ಣದ ಒಂದು ಮೆತ್ತನೆಯ ಇಟ್ಟಿಗೆ ಇರುವುದನ್ನು ನೀವು ನೋಡಿರಬಹುದು. 1954ರಲ್ಲಿ ಅಮೆರಿಕದ ವರ್ನನ್ ಸ್ಮಿಥರ್ಸ್ ಎಂಬವನು ಅದನ್ನು ಬಳಕೆಗೆ ತಂದನು. ಅದು ನೀರನ್ನು ಹೀರಿ ಹಿಡಿದುಕೊಂಡು ಹೂವನ್ನು ಕಾಪಾಡುತ್ತದೆ, ನಿಜ. ಆದರೆ ಹೂವು ಕೊಳೆತು ಮಣ್ಣಾದ ಮೇಲೂ ತಾನು ಕೊಳೆಯುವುದಿಲ್ಲ. ಚಟ್ಟಿಯ ಮಣ್ಣಿನಲ್ಲಿರುವ ಗಿಡಕ್ಕೆ ಆ ದೋಷವಿಲ್ಲ.

ವಿದ್ಯಾರ್ಥಿಮಿತ್ರರೇ, ನಾಳೆ ನಿಮ್ಮಲ್ಲಿ ಬಹುಮಂದಿ ದೂರದ ಊರುಗಳಿಗೆ ಹೋಗುವವರು. ಹಿಂದೆ ಉಳಿದವರಿಗೆ ಹೂವು ಕಳುಹಿಸುವ ದಿನ ನಿಮಗೂ ಬರುತ್ತದೆ. ಆಗ ಬಣ್ಣದ ಚಿತ್ರಗಳನ್ನು ನೋಡಿ ಮರುಳಾಗದೆ, ಆ ಊರಿನ ಅಂಗಡಿಯೊಂದರ ಫೋನಿನ ಸಂಖ್ಯೆಯನ್ನು ಯಾರಿಂದಲಾದರೂ ಕೇಳಿ ತಿಳಿಯಿರಿ. ನಡುವೆ ನಿಂತವರ ಪಾಲು ಉಳಿದು ಅಷ್ಟೂ ಹಣ ಹೂವಿಗೇ ಸಲ್ಲುತ್ತದೆ. 'ಇಂಥದೇ ಹೂವು ಬೇಕು' ಎನ್ನುವುದಕ್ಕೆ ಮೊದಲು 'ಇಂದು ನಿಮ್ಮಲ್ಲಿ ತಾಜಾ ಇರುವುದು ಯಾವುದು?' ಎಂದು ಕೇಳಿರಿ. ಸಂತೋಷದ ಮನೆಯೋ ದುಃಖದ ಮನೆಯೋ ಎಂಬುದನ್ನು ಮರೆಯದೆ ತಿಳಿಸಿರಿ. ಮನೆಯ ಹೆಸರಿನೊಡನೆ ದಾರಿಯ ಗುರುತನ್ನೂ, ಆ ಹೊತ್ತಿಗೆ ಮನೆಯಲ್ಲಿರುವವರ ಫೋನನ್ನೂ ಕೊಡಿರಿ. ಕೊನೆಯದಾಗಿ, ಕಾರ್ಡಿನ ಎರಡು ಸಾಲನ್ನು ನಿಮ್ಮ ಕೈಯಿಂದಲೇ ಕನ್ನಡದಲ್ಲಿ ಬರೆದು, ಅದರ ಪಟವನ್ನು ಅಂಗಡಿಯವನಿಗೆ ಫೋನಿನಲ್ಲಿ ಕಳುಹಿಸಿರಿ. ಹೂವನ್ನು ಅವನು ಅಲ್ಲಿ ಹುಡುಕಿಕೊಂಡಾನು. ಅಕ್ಷರವನ್ನು ಮಾತ್ರ ನೀವೇ ಕೊಡಬೇಕು.