ಕುಟ್ಟೆ ಹಿಡಿದ ಮಾವು

ಪ್ರೀತಿಯ ಪುಟ್ಟಾ,

ನಿನ್ನ ಕಾಗದ ಬಂತು. ಲೇತ್ ಕೊಂಡೆ ಅಂತ ಎರಡು ಪುಟ ಬರೆದಿದ್ದೀಯ. ಅದನ್ನಿಡಲು ಚಿಕ್ಕಮ್ಮನ ಸ್ಕೂಟರನ್ನು ಮಳೆಗೆ ತಳ್ಳಿದ್ದನ್ನು ಮಾತ್ರ ಬರೆದಿಲ್ಲ. ಅದು ಚಿಕ್ಕಮ್ಮನ ಫೋನಿನಿಂದ ತಿಳಿಯಿತು!

ನಮ್ಮ ಮಲ್ಲೇಶ್ವರದ ಹಿತ್ತಲಲ್ಲಿ ಹೋದ ವರ್ಷ ಮಾವಿನ ಮರ ಬಿತ್ತಲ್ಲ, ಅದರ ತುಂಡುಗಳು ಗೋಡೆ ಪಕ್ಕ ಬಿದ್ದು ಬಿದ್ದು ಕುಟ್ಟೆ ಹಿಡಿದಿವೆ. ಮೈತುಂಬ ಗುಂಡುಸೂಜಿ ತಲೆಯಷ್ಟು ತೂತು. ಸೌದೆಗೂ ಬೇಡ ಅಂದರು ಪಕ್ಕದ ಮನೆಯವರು. ನಾನು ಬಿಡಲಿಲ್ಲ ಕಣೋ, ಹೂದಾನಿಗೆ ಅದೇ ಚೆಂದ.

ಕಡೆಯುತ್ತಾ ಹೋದರೆ ಗೊತ್ತಾಗುತ್ತೆ. ಉಳಿ ಹುಳುವಿನ ದಾರಿಗೆ ಅಡ್ಡ ಬಂದರೆ ಚುಕ್ಕಿ, ಅದರ ಉದ್ದಕ್ಕೇ ಸಾಗಿದರೆ ಸೊಟ್ಟ ಗೆರೆ. ಒಂದೇ ಬಿಲ, ಎರಡು ಚಿತ್ತಾರ. ಒಳಗೆ ಗಿಡಿದಿದ್ದ ನುಣ್ಣನೆಯ ಪುಡಿ ಚಿಟಿಕೆ ಚಿಟಿಕೆಯಾಗಿ ಉದುರುತ್ತೆ. ಬೂಷ್ಟು ಹಿಡಿದಿದ್ದ ಕಡೆ ಸಣ್ಣ ಕಪ್ಪು ಗೆರೆಗಳೂ ಎದ್ದಿವೆ. ನೀನೂ ಇಂಥ ಮರ ಕಡೆಯುವುದಾದರೆ ಆಕಾರವನ್ನು ಮೊದಲೇ ಕಾಗದದ ಮೇಲೆ ಬರೆದುಕೊಂಡು ಕೂರಬೇಡ. ಎಲ್ಲಿ ಗಟ್ಟಿಯೋ ಅಲ್ಲೇ ನಿಲ್ಲಿಸು.

ಚನ್ನಪಟ್ಟಣದ ಕೆಲಸಗಾರರು ಇದನ್ನು ಕಂಡರೆ ಮೂಗು ಮುರಿದಾರು. ಅವರಿಗೆ ಬೇಕಾದದ್ದು ಬೆಳ್ಳನೆಯ ಆಲೆಮರ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತುತ್ತಾರೆ, ಉಜ್ಜಿದ ಬಿಸಿಗೆ ಅದು ಕರಗಿ ಬಣ್ಣ ಹಿಡಿಯುತ್ತೆ, ಆಮೇಲೆ ತಾಳೆಗರಿಯಿಂದ ಹೊಳಪು. ತೂತಿನ ಮರಕ್ಕೆ ಹಾಗೆ ಮಾಡಿದರೆ ಅರಗು ಹೋಗಿ ತೂತುಗಳಲ್ಲೇ ಮೆತ್ತಿಕೊಳ್ಳುತ್ತೆ. ಅರಗೂ ಹುಳುವಿನದೇ ತಾನೆ! ಒಂದು ಹುಳು ಕೊರೆದದ್ದನ್ನು ಇನ್ನೊಂದು ಹುಳುವಿನ ಅರಗಿನಿಂದ ಮುಚ್ಚುವುದು ನನಗಂತೂ ಒಗ್ಗದು. ತೂತು ತೂತಾಗಿಯೇ ಇರಲಿ, ಮೇಲೆ ಒಂದಿಷ್ಟು ಜೇನುಮೇಣ ಸಾಕು. ನೀರು ಹಾಕೋ ಹಾಗಿಲ್ಲ, ಒಣಹೂವಿಗೆ ಮಾತ್ರ.

ಈಗ ನನ್ನ ಆತಂಕ ಕೇಳು. ತೂತು ಕಂಡಿತೆಂದರೆ ಒಂದು ಹುಳು ಹೊರಗೆ ಹಾರಿದೆ ಅಂತ, ಒಳಗೆ ಮರಿಗಳಿಲ್ಲ ಅಂತಲ್ಲ. ತುಂಡನ್ನು ಕಪ್ಪು ಕಾಗದದ ಮೇಲೆ ಕೆಲವು ವಾರ ಇಡು. ಹೊಸ ಪುಡಿ ಬಿತ್ತೋ, ಒಳಗೆ ಊಟ ಇನ್ನೂ ನಡೆದಿದೆ. ಕೊಲ್ಲಬೇಕಾದರೆ ತಿರುಳಿನವರೆಗೆ 56 ಡಿಗ್ರಿ ಸೆಲ್ಸಿಯಸ್ ಬಿಸಿ, ಪೂರ್ತಿ 30 ನಿಮಿಷ. ವಿದೇಶಕ್ಕೆ ಹೋಗುವ ಮರದ ಪೆಟ್ಟಿಗೆಗಳಿಗೂ ಇದೇ ನಿಯಮ. ಇಷ್ಟು ಮಾಡದೆ ಚಿಕ್ಕಮ್ಮನ ತೇಗದ ಬೀರುವಿನ ಹತ್ತಿರ ಅದನ್ನು ಸುಳಿಸಬೇಡ, ಮನೆಯಿಂದ ಓಡಿಸುತ್ತಾರೆ.

ಇನ್ನೊಂದು, ಟೊಳ್ಳು ಮರ ಲೇತ್ ಮೇಲೆ ತಿರುಗುವಾಗಲೇ ಸಿಡಿದು ಹಾರುತ್ತೆ. ಮೆತ್ತಗಿರುವ ಕಡೆ ತೆಳು ಅಂಟು ಕುಡಿಸಿ, ಒಣಗಿದ ಮೇಲೇ ಉಳಿ ಹಚ್ಚು. ವೇಗ ಕಮ್ಮಿ ಇರಲಿ. ಬೂಷ್ಟಿನ ದೂಳು ಪುಪ್ಪುಸಕ್ಕೆ ಒಳ್ಳೆಯದಲ್ಲ, ಮೊದಲೇ ನಿನಗೆ ಉಬ್ಬಸ.

ದಸರಾ ರಜೆಗೆ ಬಾ. ಇಲ್ಲೇ 18ನೇ ಅಡ್ಡರಸ್ತೆಯಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. 1938ರಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಶುರುವಾಗಿ, 1988ರಲ್ಲಿ ಸಂಸ್ಥೆಯಾಯಿತು. ಮರಗೆಲಸದ ತರಬೇತಿಯನ್ನೂ ಕೊಡುತ್ತಾರೆ, ಹೋಗಿ ವಿಚಾರಿಸೋಣ. ಅಲ್ಲಿಯವರೆಗೆ ಮಾಸ್ಕು, ಮುಖದ ಗುರಾಣಿ ಎರಡೂ ಹಾಕದೆ ಲೇತಿನ ಸ್ವಿಚ್ ಮುಟ್ಟಬೇಡ. ಚಿಕ್ಕಮ್ಮನಿಗೂ ಹೇಳಿದ್ದೇನೆ, ನಿನ್ನ ಮೇಲೆ ಒಂದು ಕಣ್ಣಿಟ್ಟಿರುತ್ತಾರೆ.

ನಿನ್ನ ಅಕ್ಕ