ಮನೆ ಖಾಲಿಮಾಡಿ!

ಬಾಡಿಗೆಯ ಮನೆಯಲ್ಲಿರುವ ಗೃಹಸ್ಥನ ಕಿವಿಗೆ ‘ಮನೆ ಖಾಲಿಮಾಡಿ’ ಎಂಬ ಮಾತಿಗಿಂತ ಕಠೋರವಾದದ್ದು ಬೇರೊಂದಿಲ್ಲ. ಸಾಲ ಕೊಟ್ಟವನು ಬಂದು ಕೂಗಿದರೆ ಬಾಗಿಲು ಹಾಕಿಕೊಂಡು ಒಳಗೆ ಕುಳಿತಿರಬಹುದು; ಈ ಕೂಗು ಬಾಗಿಲನ್ನೇ ಕೇಳುತ್ತದೆ.

ಮಾಲೂರು ಹೆಂಚಿಗೂ ಇಟ್ಟಿಗೆಗೂ ಹೆಸರಾದ ಊರು. ಎಷ್ಟೋ ಊರುಗಳ ಮನೆಗಳ ಮೇಲೆ ಮಾಲೂರಿನ ಮಣ್ಣು ಹೆಂಚಾಗಿ ಕುಳಿತಿದೆ. ಆದರೆ ಆ ಊರಿನಲ್ಲಿಯೇ ತಮ್ಮವೆನ್ನಲು ನಾಲ್ಕು ಹೆಂಚಿಲ್ಲದವರೂ ಉಂಟು: ಶಾಲೆಯ ಮೇಷ್ಟರು, ಕಚೇರಿಯ ಗುಮಾಸ್ತರು, ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ರಾತ್ರಿ ಮರಳುವ ನೌಕರರು, ಕೈಗಾರಿಕಾ ಪ್ರದೇಶಕ್ಕೆ ದುಡಿಯಲು ಬಂದವರು. ಬೆಂಗಳೂರು ಬೆಳೆದಂತೆಲ್ಲ ಇಲ್ಲಿಯ ನಿವೇಶನಗಳ ಬೆಲೆಯೂ ಏರಿತು. ಹಳೆಯ ಮನೆಗಳು ಕೈಬದಲಾಗತೊಡಗಿದವು.

ಇಂಥ ಊರಿನ ಒಬ್ಬ ಮೇಷ್ಟರನ್ನು ಓದುಗರು ಊಹಿಸಿಕೊಳ್ಳಬಹುದು. ಎಂಟು ವರ್ಷಗಳಿಂದ ಒಂದೇ ಮನೆ. ಬಾಡಿಗೆ ಕೊಡುವುದರಲ್ಲಿ ಐದನೆಯ ತಾರೀಖು ದಾಟಿಸಿದವರಲ್ಲ. ಹಿತ್ತಲಲ್ಲಿ ಹೆಂಡತಿ ನೆಟ್ಟ ಕರಿಬೇವು ಸೂರಿನೆತ್ತರಕ್ಕೆ ಬಂದಿದೆ. ಮಗಳಿಗೆ ಬರುವ ತಿಂಗಳು ಎಸ್.ಎಸ್.ಎಲ್.ಸಿ. ಪರೀಕ್ಷೆ. ಆ ಹೊತ್ತಿಗೇ ಯಜಮಾನರು ಮನೆಯನ್ನು ಮಾರಿಬಿಡುತ್ತಾರೆ. ಕೊಂಡವರು ಬಂದು, “ಮೇಷ್ಟ್ರೇ, ನಿಮ್ಮ ಕರಾರು ಅವರ ಜೊತೆಗೆ, ನಮಗೂ ಅದಕ್ಕೂ ಸಂಬಂಧವಿಲ್ಲ. ಭಾನುವಾರದೊಳಗೆ ಬಿಟ್ಟುಕೊಡಿ, ಇಲ್ಲದಿದ್ದರೆ ಬೀಗ ಹಾಕಬೇಕಾದೀತು” ಎನ್ನುತ್ತಾರೆ. ಮೇಷ್ಟರು ಮರ್ಯಾದಸ್ಥರು. ಬೀದಿಯಲ್ಲಿ ನಾಲ್ಕು ಜನ ನೋಡಿಯಾರೆಂಬ ಅಂಜಿಕೆಯಿಂದ ಪಾತ್ರೆ ಪಡಗಗಳನ್ನು ಕಟ್ಟಲು ಹೇಳುತ್ತಾರೆ. ಹೆಂಡತಿ ಮಾತ್ರ, “ಬಾಡಿಗೆ ಕೊಟ್ಟು ಇದ್ದೇವೆ, ಕದ್ದು ಸೇರಿಕೊಂಡಿಲ್ಲವಲ್ಲ! ತಿಳಿದವರನ್ನು ಒಂದು ಮಾತು ಕೇಳಬಾರದೇ?” ಎನ್ನುತ್ತಾರೆ.

ಆಕೆಯ ಮಾತೇ ಸರಿ. ಕೇಳಿದರೆ ತಿಳಿಯುವುದು ಇಷ್ಟು. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 109ನೆಯ ಪ್ರಕರಣದಂತೆ ಮನೆ ಕೊಂಡವನು ಹಳೆಯ ಯಜಮಾನನ ಸ್ಥಾನದಲ್ಲಿ ನಿಲ್ಲುತ್ತಾನೆ. ಬಾಡಿಗೆಯ ಕರಾರು ಮಾರಾಟದಿಂದಲೇ ಅಳಿಯುವುದಿಲ್ಲ. ತಿಂಗಳ ಬಾಡಿಗೆಯವರನ್ನು ಬಿಡಿಸಬೇಕಾದರೆ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದಲ್ಲಿ, 106ನೆಯ ಪ್ರಕರಣದಂತೆ ಹದಿನೈದು ದಿನಗಳ ಲಿಖಿತ ನೋಟೀಸು ಕೊಡಬೇಕು. ಆ ಅವಧಿ ಮುಗಿದ ಮಾತ್ರಕ್ಕೆ ಬೀಗ ಜಡಿಯುವ ಹಕ್ಕು ಬರುವುದಿಲ್ಲ. ಬಾಡಿಗೆದಾರನು ತಾನಾಗಿ ಬಿಡದಿದ್ದರೆ ನ್ಯಾಯಾಲಯದ ಮೆಟ್ಟಿಲನ್ನೇ ಹತ್ತಬೇಕು. ಬಲಾತ್ಕಾರದಿಂದ ಹೊರಹಾಕಿದರೆ, 1963ರ ನಿರ್ದಿಷ್ಟ ಪರಿಹಾರ ಕಾಯಿದೆಯ 6ನೆಯ ಪ್ರಕರಣದಂತೆ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಕೇಳಬಹುದು. ಆ ದಾವೆಯಲ್ಲಿ ಮನೆ ಯಾರದೆಂಬ ವಾದ ನಡೆಯದು. ಹೊರಹಾಕಿದ್ದು ಕಾನೂನಿನ ದಾರಿಯಲ್ಲಿಯೋ ಅಲ್ಲವೋ ಎಂಬುದೇ ಮುಖ್ಯ.

ಹಿಂದೆ ಕಾನೂನು ಇನ್ನೂ ಹೆಚ್ಚಿನ ಕನಿಕರವನ್ನು ತೋರಿತ್ತು. 1961ರ ಮೈಸೂರು ಬಾಡಿಗೆ ನಿಯಂತ್ರಣ ಕಾಯಿದೆ ಅನ್ವಯಿಸುತ್ತಿದ್ದ ಕಡೆಗಳಲ್ಲಿ, ಯಜಮಾನನು ತನ್ನ ಸ್ವಂತಕ್ಕೆ ಮನೆ ಬೇಕೆಂದಾಗಲೂ ನ್ಯಾಯಾಧೀಶರು ತಕ್ಕಡಿ ಹಿಡಿಯಬೇಕಾಗಿತ್ತು: ಬಿಡಿಸಿದರೆ ಆಗುವ ಕಷ್ಟ ಹೆಚ್ಚೋ, ಬಿಡಿಸದಿದ್ದರೆ ಆಗುವುದು ಹೆಚ್ಚೋ? ಆದರೆ ತಕ್ಕಡಿಗೆ ಇನ್ನೊಂದು ತಟ್ಟೆಯೂ ಇದೆ. ಗಂಡನ ಭವಿಷ್ಯನಿಧಿಯಿಂದ ಕಟ್ಟಿದ ಒಂದೇ ಮನೆಯ ಬಾಡಿಗೆಯಲ್ಲಿ ಜೀವನ ಸಾಗಿಸುವ ವಿಧವೆಯೂ ಯಜಮಾನಳೇ. ಆಕೆಗೆ ಬಾಡಿಗೆಯೂ ಬರದೆ ಮನೆಯೂ ದೊರೆಯದೆ ಹೋದರೆ ಅದೂ ಅನ್ಯಾಯವೇ. ಆ ಕಾಯಿದೆಯ ಸ್ಥಾನಕ್ಕೆ 1999ರ ಕರ್ನಾಟಕ ಬಾಡಿಗೆ ಕಾಯಿದೆ 2001ರ ಡಿಸೆಂಬರ್ 31ರಂದು ಜಾರಿಗೆ ಬಂತು. ತಿಂಗಳ ಬಾಡಿಗೆ ದೊಡ್ಡ ನಗರಗಳಲ್ಲಿ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ಮೀರುವ ಮನೆಗಳನ್ನು ಅದು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಆದುದರಿಂದ ಇಂದು ಬಹುಮಂದಿ ಬಾಡಿಗೆದಾರರಿಗೆ ಕರಾರೂ ಸಾಮಾನ್ಯ ಕಾನೂನೂ ಎರಡೇ ಆಸರೆ.

ಹಾಗಿರುವಾಗ ಕಾಗದದ ವಿಷಯದಲ್ಲಿ ಸಂಕೋಚ ಸಲ್ಲದು. “ನಮ್ಮ ನಿಮ್ಮ ನಡುವೆ ಬರೆಹವೇಕೆ?” ಎಂಬ ಸೌಜನ್ಯ ಮನೆ ಹಿಡಿಯುವ ದಿನ ಸಿಹಿ, ಬಿಡುವ ದಿನ ಕಹಿ. ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಬೇಕೆಂಬುದರಿಂದಲೇ ಹನ್ನೊಂದು ತಿಂಗಳ ಕರಾರು ರೂಢಿಗೆ ಬಂದದ್ದು. ಅದು ಮುಗಿದಾಗ ಮತ್ತೆ ಬರೆಸಿಕೊಳ್ಳಬೇಕು. ಮುಂಗಡದ ಮೊತ್ತ ಅದರಲ್ಲಿ ಕಾಣಿಸಿರಬೇಕು. ಪ್ರತಿ ತಿಂಗಳ ರಸೀದಿಯನ್ನೋ ಬ್ಯಾಂಕಿನ ಲೆಕ್ಕವನ್ನೋ ಜೋಪಾನವಾಗಿಡಬೇಕು. ವಕೀಲರ ಫೀಜಿಗೆ ಶಕ್ತಿಯಿಲ್ಲದವರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯುಂಟು. ಹೆಂಗಸರು ಅಲ್ಲಿ ಆದಾಯದ ಮಿತಿಯಿಲ್ಲದೆ ಉಚಿತ ನೆರವನ್ನು ಪಡೆಯಬಹುದು.

ಕಾನೂನು ಬಾಡಿಗೆದಾರನಿಗೆ ಮನೆಯನ್ನು ಕೊಡುವುದಿಲ್ಲ. ಅದು ಕೊಡುವುದು ಸ್ವಲ್ಪ ಕಾಲಾವಕಾಶವನ್ನು. ಮಗುವಿನ ಪರೀಕ್ಷೆ ಮುಗಿಯುವಷ್ಟು, ಮಗಳ ಬಾಣಂತನ ಕಳೆಯುವಷ್ಟು, ಇನ್ನೊಂದು ಸೂರನ್ನು ಹುಡುಕಿಕೊಳ್ಳುವಷ್ಟು ಕಾಲ. ಮಾನವಾಗಿ ಬಾಳುವ ಸಂಸಾರಕ್ಕೆ ತಲೆಯೆತ್ತಿ ಹೊರಡುವುದಕ್ಕೂ ತಲೆತಗ್ಗಿಸಿ ಹೊರಡುವುದಕ್ಕೂ ಇರುವ ವ್ಯತ್ಯಾಸ ಅಷ್ಟೇ. ಆದರೆ ಅದು ಸಣ್ಣದಲ್ಲ.