ಹೊಳಪಿನ ಬೆಲೆ

ಕಳೆದ ವರ್ಷ ಸಾಲ ಮಾಡಿ ಕಾರು ಕೊಂಡಾಗ, ಅದಕ್ಕೆ ಸೆರಾಮಿಕ್ ಲೇಪನ ಮಾಡಿಸಲೇಬೇಕೆಂದು ಮಗನು ಪಟ್ಟುಹಿಡಿದನು. 25,000 ರೂಪಾಯಿ! ಅವನ ತಾಯಿಯ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆಂದು ತೆಗೆದಿರಿಸಿದ್ದ ಹಣವದು. "ಅಪ್ಪಾಜಿ, ಇನ್ನು ಬಣ್ಣ ಕೆಡುವ ಭಯವೇ ಇಲ್ಲ" ಎಂದನು. ಅಂಗಡಿಯವರು ಹಾಗೆ ಹೇಳಿದ್ದರು. ನಾನೂ ಒಪ್ಪಿದೆ, ಶಸ್ತ್ರಚಿಕಿತ್ಸೆ ಮುಂದಕ್ಕೆ ಹೋಯಿತು.

ಗೋಪಾಳದ ನಮ್ಮ ಮನೆಯಲ್ಲಿ ಕಾರು ನಿಲ್ಲಿಸಲು ಸ್ಥಳವಿಲ್ಲ. ಬೀದಿಯ ಹೊಂಗೆಮರವೇ ಅದಕ್ಕೆ ನೆರಳು. ಮಳೆಗಾಲದಲ್ಲಿ ನೀರು ಕೆಸುವಿನೆಲೆಯ ಮೇಲಿನಂತೆ ಮಣಿಮಣಿಯಾಗಿ ಜಾರಿದಾಗ ನನಗೂ ಸಂತೋಷವಾಯಿತು, ಸುಳ್ಳೇಕೆ? ಆದರೆ ಭದ್ರಾವತಿಯಿಂದ ಮರಳುವಾಗ, ಮುಂದಿನ ಲಾರಿಯ ಚಕ್ರದಿಂದ ಸಿಡಿದ ಜಲ್ಲಿಕಲ್ಲು ಬಾನೆಟ್ಟಿನ ಬಣ್ಣವನ್ನು ಕಿತ್ತಿತು. ಆಮೇಲೆ ವಿಚಾರಿಸಿ ತಿಳಿದೆನು: ಇದು ಸಿಲಿಕಾ ಮೂಲದ ದ್ರವ, ಒಣಗಿದ ಮೇಲೆ ತಲೆಗೂದಲಿಗಿಂತ ಎಷ್ಟೋ ತೆಳು. ಕೊಳೆ ಸುಲಭವಾಗಿ ಬಿಡುತ್ತದೆ, ಹೊಳಪು ನಿಲ್ಲುತ್ತದೆ, ಕಲ್ಲನ್ನು ತಡೆಯಲಾರದು. ಹಕ್ಕಿಯ ಹಿಕ್ಕೆಯನ್ನು ಬೇಗ ಒರೆಸದಿದ್ದರೆ ಕಲೆ ಉಳಿದೀತು. ತೊಳೆಯುವ ಕೆಲಸವಂತೂ ತಪ್ಪಲಿಲ್ಲ. ಬಹುಕಾಲ ಇಟ್ಟುಕೊಳ್ಳುವ ಕಾರಿಗೆ, ಕೈಯಲ್ಲಿ ಮಿಕ್ಕ ಹಣವಿದ್ದವರು ಮಾಡಿಸಲಿ. ನಮ್ಮಲ್ಲಿ ಮಿಕ್ಕಿರಲಿಲ್ಲ.

ಮಡದಿ ಒಂದು ಮಾತೂ ಆಡಿರಲಿಲ್ಲ. ಮೊನ್ನೆ ಕಣ್ಣಿನ ಪಟ್ಟಿ ಬಿಚ್ಚಿಸಿಕೊಂಡು ಮನೆಗೆ ಬಂದವಳು, ಕಾರಿನಿಂದಿಳಿದು ನಿಂತು, "ಬಾನೆಟ್ಟಿನ ಮೇಲೆ ಅದೇನ್ರೀ ಕಲೆ?" ಎಂದಳು.